ರೇಡಿಯೊ ನಿಂತ ಮೇಲೆ

2019ರ ಅಕ್ಟೋಬರ್ 21, ಸೋಮವಾರ ರಾತ್ರಿ. ನ್ಯೂಜೆರ್ಸಿಯ ಈಸ್ಟ್ ರುದರ್‌ಫರ್ಡ್‌ನಲ್ಲಿರುವ ಮೆಟ್‌ಲೈಫ್ ಕ್ರೀಡಾಂಗಣದಲ್ಲಿ ನ್ಯೂಯಾರ್ಕ್ ಜೆಟ್ಸ್ ತಂಡದ ಕ್ವಾರ್ಟರ್‌ಬ್ಯಾಕ್ ಸ್ಯಾಮ್ ಡಾರ್ನಾಲ್ಡ್ 32 ಸಲ ಚೆಂಡು ಎಸೆದರು. 11 ಎಸೆತಗಳಷ್ಟೇ ತಮ್ಮವರ ಕೈ ಸೇರಿದವು. ನಾಲ್ಕನ್ನು ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಆಟಗಾರರು ಹಿಡಿದರು. ಒಟ್ಟು ಗಳಿಕೆ 86 ಗಜ. ಪಂದ್ಯ ಮುಗಿದಾಗ ಅಂಕ 33-0. ಡಾರ್ನಾಲ್ಡ್‌ಗೆ ಆಗ 22 ವರ್ಷ. ಟಿವಿಯವರಿಗಾಗಿ ಮೈಮೇಲೆ ಸಿಕ್ಕಿಸಿಕೊಂಡಿದ್ದ ಮೈಕಿನಿಂದ, ಬೆಂಚಿನ ಮೇಲೆ ಕೂತು ಅವರಾಡಿದ ಒಂದು ಮಾತು ದೇಶಕ್ಕೆಲ್ಲ ಕೇಳಿಸಿತು: ನನಗೆ ದೆವ್ವಗಳು ಕಾಣಿಸ್ತಿವೆ.

ದೆವ್ವ ಎಂದರೆ ಅಲ್ಲಿಲ್ಲದ ಎದುರಾಳಿ. ಯಾರೋ ಮೈಮೇಲೆ ಬೀಳಲು ಬರುತ್ತಿದ್ದಾರೆಂದು ಗಾಬರಿಯಾಗಿ ಚೆಂಡು ಬಿಡುವುದು, ನಿಜಕ್ಕೂ ಬರುತ್ತಿರುವವನನ್ನು ಕಾಣದೇ ಹೋಗುವುದು.

ಆರು ವರ್ಷ ಕಳೆದು, 2026ರ ಫೆಬ್ರುವರಿ 8ರಂದು, ಅದೇ ಡಾರ್ನಾಲ್ಡ್ ಸಿಯಾಟಲ್ ಸೀಹಾಕ್ಸ್ ಪರವಾಗಿ ಅದೇ ಪೇಟ್ರಿಯಟ್ಸ್ ಎದುರು 29-13ರಿಂದ ಸೂಪರ್ ಬೌಲ್ ಗೆದ್ದರು. ನಡುವೆ ಬದಲಾದದ್ದು ಯಾರು? ಆಟಗಾರನೋ, ಅವನ ಸುತ್ತ ಇದ್ದವರೋ? ನ್ಯೂಜೆರ್ಸಿಯ ಎಡಿಸನ್‌ನ ಒಂದು ಕನ್ನಡದ ಮನೆಯಲ್ಲಿ ದೊಡ್ಡಪ್ಪನಿಗೂ ತಮ್ಮನ ಮಗನಿಗೂ ಇದೇ ಮಾತಿಗೆ ಜಟಾಪಟಿ ಹತ್ತಿತು. ದೊಡ್ಡಪ್ಪ ಮೈಸೂರು ಬಿಟ್ಟು ಮೂರು ದಶಕ ದಾಟಿದವರು, ಜೆಟ್ಸ್‌ನ ಸೋಲುಗಳನ್ನು ಒಂದೂ ಬಿಡದೆ ಕಂಡವರು. ಹುಡುಗ ಅಲ್ಲೇ ಹುಟ್ಟಿ, ಹೈಸ್ಕೂಲಿನಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿ ಆಡಿ, ಈಗ ವಾರಾಂತ್ಯದಲ್ಲಿ ಮಕ್ಕಳಿಗೆ ಫ್ಲ್ಯಾಗ್ ಫುಟ್‌ಬಾಲ್ ಕಲಿಸುವವನು.

ಹಿರಿಯರು: ಆ ಪಂದ್ಯ ನಾನು ಪೂರ್ತಿ ನೋಡಿದೀನಿ ಕಣೋ. ಹಿಂದಿನ ವಾರ ಡಲ್ಲಾಸ್ ಮೇಲೆ ಇದೇ ಹುಡುಗ 338 ಗಜ ಎಸೆದು ಗೆಲ್ಸಿದ್ದ. ಎಂಟು ದಿನದಲ್ಲಿ ತೋಳು ಕೆಟ್ಟೋಗತ್ಯೇ? ಕೆಟ್ಟಿದ್ದು ಕಣ್ಣು. ಎದುರಿಗೆ ಏನು ನಿಂತಿದೆ ಅಂತ ಓದಕ್ಕೆ ಬರ್ಲಿಲ್ಲ ಅವನಿಗೆ.

ಕಿರಿಯ: ಓದಕ್ಕೆ ಬಿಟ್ರೆ ತಾನೇ ದೊಡ್ಡಪ್ಪ? ಪೇಟ್ರಿಯಟ್ಸ್ ಅವತ್ತು ಆರಾರು ಜನರನ್ನ ತಂದು ಗೆರೆ ಮೇಲೆ ನಿಲ್ಸ್ತಿದ್ರು. ಒಂದ್ಸಲ ಆರೂ ಜನ ನುಗ್ಗೋರು, ಅದೇ ಬ್ಲಿಟ್ಜ್. ಇನ್ನೊಂದ್ಸಲ ಅದೇ ಥರ ನಿಂತು ಇಬ್ಬರು ಹಿಂದಕ್ಕೆ ಸರಿದುಬಿಡೋರು. ಅವನನ್ನ ಕಾಯೋ ಲೈನ್‌ಮನ್‌ಗಳು ಐದೇ ಜನ. ಆರನೆಯವನು ಬಂದ್ರೆ ಚೆಂಡು ತಕ್ಷಣ ಬಿಡ್ಬೇಕು, ಬರದೇ ಇದ್ರೆ ಬಿಡಬಾರ್ದು. ಬರ್ತಾನೋ ಇಲ್ವೋ ಅನ್ನೋದು ಚೆಂಡು ಕೈಗೆ ಬಂದ ಮೇಲೇ ಗೊತ್ತಾಗೋದು.

ಅಮೆರಿಕನ್ ಫುಟ್‌ಬಾಲ್‌ನ ಡಿಫೆನ್ಸ್ ಅನ್ನು ಕ್ವಾರ್ಟರ್‌ಬ್ಯಾಕ್ ಹಿಂದಿನಿಂದ ಎಣಿಸಲು ಕಲಿಯುತ್ತಾನೆ. ಎಲ್ಲರಿಗಿಂತ ಆಳದಲ್ಲಿ ನಿಲ್ಲುವ ಸೇಫ್ಟಿಗಳು ಇಬ್ಬರಿದ್ದರೆ ಮೈದಾನದ ಮಧ್ಯ ತೆರೆದಿದೆ. ಒಬ್ಬನೇ ನಡುವೆ ನಿಂತಿದ್ದರೆ ಮುಚ್ಚಿದೆ. ಯಾರೂ ಇಲ್ಲದಿದ್ದರೆ ಅದು ಕವರ್ ಝೀರೊ: ಹಿಂದೆ ಕಾವಲಿಲ್ಲ, ಮುಂದೆ ದಂಡೇ ಇದೆ. ಪಾಠ ಇಷ್ಟು ಸರಳ. ಡಿಫೆನ್ಸ್‌ನವರ ಕೆಲಸವೇ ಈ ಎಣಿಕೆಯನ್ನು ಸುಳ್ಳಾಗಿಸುವುದು. ಇಬ್ಬರನ್ನು ತೋರಿಸಿ, ಸ್ನ್ಯಾಪ್ ಆಗಿ ಚೆಂಡು ಆಟಕ್ಕೆ ಬಂದೊಡನೆ ಒಬ್ಬನನ್ನು ಮುಂದಕ್ಕೆ ಓಡಿಸುತ್ತಾರೆ. 1980ರ ದಶಕದಲ್ಲಿ ಸಿನ್ಸಿನಾಟಿ ಬೆಂಗಾಲ್ಸ್‌ನಲ್ಲಿದ್ದ ಡಿಕ್ ಲಬೋ ಬೆಳೆಸಿದ ಝೋನ್ ಬ್ಲಿಟ್ಜ್‌ನಲ್ಲಿ, ನುಗ್ಗಬೇಕಾದ ದಢೂತಿ ಲೈನ್‌ಮನ್ ಹಿಂದೆ ಸರಿದು ಪಾಸ್ ತಡೆಯುತ್ತಾನೆ, ಹಿಂದೆ ಇರಬೇಕಾದವನು ನುಗ್ಗುತ್ತಾನೆ. ನುಗ್ಗುವವರು ಲೆಕ್ಕಕ್ಕೆ ನಾಲ್ಕೈದು ಜನರೇ. ಯಾವ ನಾಲ್ಕೈದು ಎಂಬುದು ಮಾತ್ರ ತಿಳಿಯುವುದಿಲ್ಲ. ಕ್ವಾರ್ಟರ್‌ಬ್ಯಾಕ್‌ಗೆ ಸಿಗುವ ಸಮಯ ಎರಡೂವರೆ ಸೆಕೆಂಡಿನ ಆಸುಪಾಸು.

ಹಿರಿಯರು: ಆಯ್ತು, ಮೋಸ ಮಾಡಿದ್ರು. ಮಾಡಲಿ! 1971ರಲ್ಲಿ ಓವಲ್‌ನಲ್ಲಿ ನಮ್ಮ ಚಂದ್ರಶೇಖರ್ 38 ರನ್ನಿಗೆ ಆರು ವಿಕೆಟ್ ತೆಗೆದಾಗ ಇಂಗ್ಲೆಂಡಿನ ಬ್ಯಾಟ್ಸ್‌ಮನ್‌ಗಳು ನಮ್ಮನ್ನ ಕಾಪಾಡೋರು ಯಾರೂ ಇರ್ಲಿಲ್ಲ ಅಂದ್ರಾ? ಗೂಗ್ಲಿನ ಕೈ ನೋಡಿ ಓದ್ಬೇಕು. ಓದಕ್ಕೆ ಬರ್ಲಿಲ್ಲ, ಔಟಾದ್ರು. ಮುಗೀತು.

ಕಿರಿಯ: ಬ್ಯಾಟ್ಸ್‌ಮನ್ ನೋಡೋದು ಒಂದು ಕೈ. ಅವನು ತಪ್ಪು ಓದಿದ್ರೆ ಅವನೊಬ್ಬನೇ ಔಟು. ಇಲ್ಲಿ ಕ್ವಾರ್ಟರ್‌ಬ್ಯಾಕ್ ಸರಿಯಾಗೇ ಓದಿದ್ದ ಅಂತಿಟ್ಕೊಳ್ಳಿ. ಲೈನಿನಲ್ಲಿ ಗಾರ್ಡ್ ಒಬ್ಬ ತಪ್ಪು ಕಡೆ ತಿರುಗಿದ, ಚೆಂಡು ಬಿಡೋ ಮುಂಚೆನೇ ಕೆಡವಿದ್ರು, ಸ್ಯಾಕ್. ರಿಸೀವರ್ ಬ್ಲಿಟ್ಜ್ ಗಮನಿಸ್ದೆ ತನ್ನ ಪಾಡಿಗೆ ಉದ್ದಕ್ಕೆ ಓಡಿದ, ಚೆಂಡು ಎದುರಾಳಿ ಕೈಗೆ, ಇಂಟರ್‌ಸೆಪ್ಷನ್. ಎಲ್ಲಾನೂ ಒಬ್ಬನ ಲೆಕ್ಕಕ್ಕೇ ಬರೀತಾರೆ. ಮಕ್ಕಳಿಗೆ ಕಲಿಸೋವಾಗ ನಾನು ಕ್ವಾರ್ಟರ್‌ಬ್ಯಾಕ್‌ಗಿಂತ ಮೊದಲು ರಿಸೀವರ್‌ಗಳಿಗೆ ಹೇಳ್ತೀನಿ: ಯಾರಾದ್ರೂ ನುಗ್ಗಿದ್ರೆ ಓಟ ಮೊಟಕು ಮಾಡಿ ತಿರುಗಿ ನಿಲ್ರಪ್ಪಾ, ಅವನಿಗೆ ನೀವು ಕಾಣಬೇಕು ಅಂತ.

ಹಿರಿಯರು: ಪೇಟನ್ ಮ್ಯಾನಿಂಗ್‌ಗೂ ಲೈನ್ ಇತ್ತು, ರಿಸೀವರ್‌ಗಳಿದ್ರು. ಆದ್ರೂ 1998ರಲ್ಲಿ ಮೊದಲನೇ ವರ್ಷ 28 ಇಂಟರ್‌ಸೆಪ್ಷನ್ ಎಸೆದ. ರೂಕಿಗಳಲ್ಲಿ ಅದು ಇವತ್ತಿಗೂ ದಾಖಲೆ. ಇಂಡಿಯಾನಾಪೊಲಿಸ್ ಕೋಲ್ಟ್ಸ್ ಗೆದ್ದಿದ್ದು ಮೂರೇ ಪಂದ್ಯ, ಸೋತಿದ್ದು ಹದಿಮೂರು. ಯಾರೂ ಅವನನ್ನ ಬೆಂಚಿಗೆ ಕಳಿಸ್ಲಿಲ್ಲ. ಮರುವರ್ಷ ಹದಿಮೂರು ಗೆದ್ದು ಮೂರು ಸೋತ್ರು. ಬೀಳದೇ ಇದ್ದಿದ್ರೆ ಎಲ್ಲಿಂದ ಕಲೀತಿದ್ದ?

ಕಿರಿಯ: ಡೇವಿಡ್ ಕಾರ್ ಬಿದ್ದಿದ್ದು ನೆನಪಿದ್ಯಾ? 2002ರಲ್ಲಿ ಹೊಸದಾಗಿ ಹುಟ್ಟಿದ ಹ್ಯೂಸ್ಟನ್ ಟೆಕ್ಸನ್ಸ್ ಡ್ರಾಫ್ಟಿನಲ್ಲಿ ಎಲ್ಲರಿಗಿಂತ ಮೊದಲು ಆರಿಸಿಕೊಂಡ ಹುಡುಗ. ಆ ಒಂದೇ ಸೀಸನ್‌ನಲ್ಲಿ 76 ಸ್ಯಾಕ್. ಅದೂ ದಾಖಲೆನೇ. ಐದು ವರ್ಷ ಅಲ್ಲಿದ್ದ, ಒಂದ್ಸಲವೂ ಪ್ಲೇಆಫ್ ಮುಟ್ಟಲಿಲ್ಲ. ಬಿದ್ದೋರೆಲ್ಲ ಮ್ಯಾನಿಂಗ್ ಆಗಲ್ಲ ದೊಡ್ಡಪ್ಪ.

ಹಿರಿಯರು: ಕಾರ್ ಕತೆ ಬೇರೆ. ಅವನ ಮುಂದೆ ಲೈನೇ ಇರ್ಲಿಲ್ಲ. ಅವನಿಗೆ ಓದಕ್ಕೆ ಬರ್ತಿತ್ತೋ ಇಲ್ವೋ, ಪರೀಕ್ಷೆನೇ ಆಗ್ಲಿಲ್ಲ.

ಕಿರಿಯ: ಅದನ್ನೇ ತಾನೇ ನಾನು ಇಷ್ಟೊತ್ತೂ ಹೇಳ್ತಿರೋದು!

ಹಿರಿಯರು ನಕ್ಕುಬಿಟ್ಟರು. ಆದರೆ ಪಟ್ಟು ಸಡಿಲಿಸಲಿಲ್ಲ.

ಹಿರಿಯರು: ಸರಿ, ಲೈನ್ ಬೇಕು, ಒಪ್ಕೊಂಡೆ. ಮ್ಯಾನಿಂಗ್ ಹತ್ರ ಮಾರ್ಷಲ್ ಫಾಲ್ಕ್ ಇದ್ದ, ಮಾರ್ವಿನ್ ಹ್ಯಾರಿಸನ್ ಇದ್ದ. ಅವರಿದ್ದೂ 28 ಎಸೆದ್ನಲ್ಲ, ಅದು ಯಾಕೆ? ಆ 28ನ್ನ ಮರುವರ್ಷ 15ಕ್ಕೆ ಇಳಿಸಿದ್ದು ಹ್ಯಾರಿಸನ್ ಅಲ್ಲ. ಯಾವ ಸೇಫ್ಟಿ ಯಾವಾಗ ಸುಳ್ಳು ಹೇಳ್ತಾನೆ ಅಂತ ಮ್ಯಾನಿಂಗೇ ಕಂಡ್ಕೊಂಡಿದ್ದು.

ಕಿರಿಯ: ಕಂಡ್ಕೊಂಡ ಮೇಲೆ ಮುಗೀತಾ? 2004ರ ಜನವರಿಲಿ ಎಎಫ್‌ಸಿ ಫೈನಲ್‌ನಲ್ಲಿ ಪೇಟ್ರಿಯಟ್ಸ್ ಕೋಚ್ ಬಿಲ್ ಬೆಲಿಚಿಕ್ ಎದುರು ಅದೇ ಮ್ಯಾನಿಂಗ್ ನಾಲ್ಕು ಇಂಟರ್‌ಸೆಪ್ಷನ್ ಎಸೆದ. ಮೂರನ್ನ ಟೈ ಲಾ ಒಬ್ಬನೇ ಹಿಡಿದ. ಅಷ್ಟೊತ್ತಿಗೆ ಮ್ಯಾನಿಂಗ್‌ಗೆ ಆರು ಸೀಸನ್ ಅನುಭವ. ಅನುಭವ ಬಂದ್ರೆ ಎಲ್ಲಾ ಓದಬಹುದು ಅನ್ನೋದಾದ್ರೆ ಅವತ್ತು ಏನಾಯ್ತು?

ಹಿರಿಯರು: ಎದುರಿಗಿರೋನೂ ಕಲೀತಿರ್ತಾನೆ ಕಣೋ. ಇದು ಒಂದ್ಸಲ ಪಾಸಾಗಿ ಪುಸ್ತಕ ಮುಚ್ಚಿಡೋ ಪರೀಕ್ಷೆ ಅಲ್ಲ.

ಕಿರಿಯ: ಹಾಗಾದ್ರೆ 22 ವರ್ಷದೋನನ್ನ ಅಷ್ಟು ಬೇಗ ಯಾಕೆ ಕೂರಿಸ್ತೀರಿ ಪರೀಕ್ಷೆಗೆ? ಪ್ಯಾಟ್ರಿಕ್ ಮಹೋಮ್ಸ್ 2017ರಲ್ಲಿ ಪೂರ್ತಿ ವರ್ಷ ಅಲೆಕ್ಸ್ ಸ್ಮಿತ್ ಹಿಂದೆ ಕೂತಿದ್ದ. ಆಡಿದ್ದು ಕೊನೇ ಪಂದ್ಯ ಒಂದೇ. ಮರುವರ್ಷ 50 ಟಚ್‌ಡೌನ್, ಎಂವಿಪಿ. ಆ್ಯರನ್ ರಾಜರ್ಸ್ ಮೂರು ಸೀಸನ್ ಬ್ರೆಟ್ ಫಾರ್ವ್ ಹಿಂದೆ ಕಾದ.

ಹಿರಿಯರು: ಟ್ರೇ ಲ್ಯಾನ್ಸ್ ಕೂಡ ಕಾದ. 2021ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಅವನನ್ನ ಮೂರನೇ ಆಯ್ಕೆಯಾಗಿ ತಗೊಂಡು ಗರಾಪಲೊ ಹಿಂದೆ ಕೂರಿಸ್ತು. ಒಳ್ಳೇ ತಂಡ, ಒಳ್ಳೇ ಕೋಚ್, ಅವಸರ ಇಲ್ಲ. ಮರುವರ್ಷ ಆಡಕ್ಕೆ ಇಳಿದ, ಕಾಲು ಮುರ್ಕೊಂಡ. 2023ಕ್ಕೆ ಡಲ್ಲಾಸ್‌ಗೆ ಮಾರಿಬಿಟ್ರು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿದ್ದಷ್ಟು ಕಾಲ ಅವನು ಶುರುವಿನಿಂದ ಆಡಿದ್ದು ನಾಲ್ಕೇ ಪಂದ್ಯ. ಬೆಂಚಿನ ಮೇಲೆ ಕೂತೋನಿಗೆ ಕಾಣೋದು ಟ್ಯಾಬ್ಲೆಟ್ಟಿನಲ್ಲಿ ಬರೋ ಫೋಟೊ. ಫೋಟೊದಲ್ಲಿ ಯಾರೂ ಮೈಮೇಲೆ ಬೀಳಲ್ಲ.

ಕಾಯಿಸಬೇಕೆಂದರೂ ಕಾಯಿಸುವಷ್ಟು ವ್ಯವಧಾನ ಈಗ ತಂಡಗಳಿಗಿಲ್ಲ, ಅದಕ್ಕೆ ಕಾರಣ ಹಣ. 2010ರಲ್ಲಿ ಮೊದಲ ಆಯ್ಕೆಯಾದ ಸ್ಯಾಮ್ ಬ್ರಾಡ್‌ಫರ್ಡ್‌ಗೆ ಸೇಂಟ್ ಲೂಯಿಸ್ ರ‍್ಯಾಮ್ಸ್ ಕೊಟ್ಟದ್ದು ಆರು ವರ್ಷಕ್ಕೆ 7.8 ಕೋಟಿ ಡಾಲರ್ ಒಪ್ಪಂದ. 2011ರಲ್ಲಿ ಲೀಗ್‌ಗೂ ಆಟಗಾರರ ಸಂಘಕ್ಕೂ ಹೊಸ ಕರಾರಾಯಿತು. ಆ ವರ್ಷದ ಮೊದಲ ಆಯ್ಕೆ ಕ್ಯಾಮ್ ನ್ಯೂಟನ್‌ಗೆ ಸಿಕ್ಕಿದ್ದು ನಾಲ್ಕು ವರ್ಷಕ್ಕೆ ಸುಮಾರು 2.2 ಕೋಟಿ. ಹೊಸ ಕ್ವಾರ್ಟರ್‌ಬ್ಯಾಕ್ ಅಗ್ಗವಾದ. ಆ ನಾಲ್ಕೈದು ಅಗ್ಗದ ವರ್ಷಗಳಲ್ಲೇ ಅವನಿಂದ ಗೆಲುವು ತೆಗೆಯಬೇಕು, ಉಳಿದ ಹಣದಲ್ಲಿ ಬೇರೆಯವರನ್ನು ಕೊಳ್ಳಬೇಕು ಎಂಬ ಲೆಕ್ಕಾಚಾರ ಶುರುವಾಯಿತು. ಅದೇ ಕರಾರು ಅಭ್ಯಾಸವನ್ನೂ ಮೊಟಕುಗೊಳಿಸಿತು: ಸೀಸನ್ ನಡೆಯುವಾಗ ಮೈತುಂಬ ಪ್ಯಾಡ್ ಕಟ್ಟಿ ಮಾಡುವ ಅಭ್ಯಾಸ 14 ದಿನಕ್ಕೆ ಸೀಮಿತ. ಆಟಗಾರರ ದೇಹಕ್ಕೆ ಅದು ಒಳ್ಳೆಯದೇ. ಆದರೆ ಅನನುಭವಿ ಹುಡುಗ ಮೈದಾನಕ್ಕಿಳಿಯುವ ದಿನ ಹತ್ತಿರ ಬಂತು, ತಯಾರಿಯ ದಿನಗಳು ಕಮ್ಮಿಯಾದವು.

ಕಿರಿಯ: ಕಾಲೇಜಿನಲ್ಲೂ ಓದೋದು ಕಲ್ಸಲ್ಲ ದೊಡ್ಡಪ್ಪ. ಎಷ್ಟೋ ತಂಡಗಳಲ್ಲಿ ಎಲ್ಲರೂ ಗೆರೆ ಮೇಲೆ ನಿಂತ್ಕೋತಾರೆ, ಆಮೇಲೆ ಹನ್ನೊಂದೂ ಜನ ಪಕ್ಕಕ್ಕೆ ತಿರುಗಿ ಕೋಚ್ ಕಡೆ ನೋಡ್ತಾರೆ. ಡಿಫೆನ್ಸ್ ನೋಡಿ ಕೋಚೇ ಸನ್ನೆ ಮಾಡ್ತಾನೆ. ಹುಡುಗ ಹೇಳಿದ ಕಡೆ ಎಸೀತಾನೆ.

ಹಿರಿಯರು: ನೀನೇ ತಂದ್ಕೊಟ್ಟೆ ನನಗೆ ಬೇಕಾಗಿದ್ದನ್ನ. ಬೇರೆಯೋರು ಓದಿ ಹೇಳಿದ್ರೆ ಏನಾಗತ್ತೆ ಅನ್ನೋದಕ್ಕೆ ಜ್ಯಾರೆಡ್ ಗಾಫ್‌ಗಿಂತ ಉದಾಹರಣೆ ಬೇಕಾ?

ಗಾಫ್ 2016ರ ಡ್ರಾಫ್ಟಿನ ಮೊದಲ ಆಯ್ಕೆ. ಮೊದಲ ವರ್ಷ ರ‍್ಯಾಮ್ಸ್ ಪರ ಶುರುವಿನಿಂದ ಆಡಿದ ಏಳೂ ಪಂದ್ಯ ಸೋತರು. 2017ರಲ್ಲಿ ಷಾನ್ ಮೆಕ್‌ವೇ ಮುಖ್ಯ ಕೋಚ್ ಆಗಿ ಬಂದರು, ಹಣೆಬರಹವೇ ಬದಲಾಯಿತು. 2018ರಲ್ಲಿ ರ‍್ಯಾಮ್ಸ್ ಗಳಿಸಿದ್ದು 527 ಅಂಕ, ಗೆದ್ದದ್ದು 13 ಪಂದ್ಯ.

ಇಲ್ಲಿ ಒಂದು ನಿಯಮ ಗೊತ್ತಿರಬೇಕು. 1994ರಿಂದ ಎನ್‌ಎಫ್‌ಎಲ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಹೆಲ್ಮೆಟ್ಟಿನೊಳಗೆ ರೇಡಿಯೊ ಇದೆ. ಕೋಚ್ ಅದರಲ್ಲಿ ನೇರವಾಗಿ ಮಾತಾಡಬಹುದು. ಆದರೆ 40 ಸೆಕೆಂಡಿನ ಪ್ಲೇ ಕ್ಲಾಕ್‌ನಲ್ಲಿ 15 ಸೆಕೆಂಡ್ ಉಳಿದಾಗ ರೇಡಿಯೊ ತಾನಾಗಿಯೇ ನಿಲ್ಲುತ್ತದೆ. ರ‍್ಯಾಮ್ಸ್ ಬೇಗ ಬೇಗ ಗೆರೆಗೆ ಬಂದು ನಿಲ್ಲುತ್ತಿದ್ದರು. ಎದುರಿನವರೂ ನಿಲ್ಲಲೇಬೇಕಿತ್ತು. ಗಡಿಯಾರ 15ಕ್ಕೆ ಇಳಿಯುವವರೆಗೆ ಮೆಕ್‌ವೇಗೆ ಡಿಫೆನ್ಸ್ ನೋಡಲು, ಗಾಫ್ ಕಿವಿಯಲ್ಲಿ ಹೇಳಲು ಸಮಯ ಸಿಗುತ್ತಿತ್ತು.

2019ರ ಫೆಬ್ರುವರಿ 3ರ ಸೂಪರ್ ಬೌಲ್‌ನಲ್ಲಿ ಬೆಲಿಚಿಕ್ ಮತ್ತು ಡಿಫೆನ್ಸ್ ನಡೆಸುತ್ತಿದ್ದ ಬ್ರಯನ್ ಫ್ಲೋರೆಸ್ ಆ ಕಿಟಕಿಯನ್ನೇ ಮುಚ್ಚಿದರು. ವರ್ಷವಿಡೀ ಒಬ್ಬನಿಗೊಬ್ಬ ಎಂದು ಕಾವಲು ಹಾಕಿದ್ದ ಪೇಟ್ರಿಯಟ್ಸ್ ಅವತ್ತು ಹೆಚ್ಚಾಗಿ ಜಾಗ ಹಂಚಿಕೊಂಡು ಕಾಯುವ ಝೋನ್ ಆಡಿದರು. ಗುಂಪುಗೂಡಿದಾಗಲೇ ಎರಡು ಯೋಜನೆ ಹೇಳಿಕೊಂಡು ಬಂದು, 15 ಸೆಕೆಂಡಿನವರೆಗೆ ಒಂದನ್ನು ತೋರಿಸಿ ಆಮೇಲೆ ಇನ್ನೊಂದಕ್ಕೆ ಬದಲಾಗುತ್ತಿದ್ದರು ಎಂದು ಪಂದ್ಯದ ನಂತರ ವರದಿಯಾಯಿತು. 24ರ ಗಾಫ್ ಕಿವಿಯಲ್ಲಿ ಆಗ ದನಿ ಇರಲಿಲ್ಲ. 527 ಅಂಕದ ತಂಡ ಗಳಿಸಿದ್ದು ಮೂರೇ ಅಂಕ. ಸೂಪರ್ ಬೌಲ್ ಇತಿಹಾಸದಲ್ಲಿ ಅದಕ್ಕಿಂತ ಕಮ್ಮಿ ಯಾರೂ ಗಳಿಸಿಲ್ಲ. ನಾಲ್ಕು ನಿಮಿಷ ಚಿಲ್ಲರೆ ಉಳಿದಿದ್ದಾಗ, 10-3 ಇದ್ದಾಗ, ಕವರ್ ಝೀರೊ ಬ್ಲಿಟ್ಜ್‌ಗೆ ಹೆದರಿ ಗಾಫ್ ಎತ್ತಿ ಬಿಟ್ಟ ಚೆಂಡನ್ನು ಸ್ಟೆಫಾನ್ ಗಿಲ್ಮೋರ್ ಹಿಡಿದರು. ಪೇಟ್ರಿಯಟ್ಸ್ 13-3ರಿಂದ ಗೆದ್ದರು.

ಹಿರಿಯರು: ಕೊನೇ ಹದಿನೈದು ಸೆಕೆಂಡ್ ಅವನದ್ದೇ ಆಗಿತ್ತು. ಕೈಗೆ ಸಿಕ್ಕಾಗ ಏನ್ ಮಾಡ್ಬೇಕು ಗೊತ್ತಾಗ್ಲಿಲ್ಲ. ಎರಡು ವರ್ಷ ಬೇರೆಯೋರ ಕಣ್ಣಲ್ಲಿ ನೋಡಿದ್ರೆ ಇನ್ನೇನಾಗತ್ತೆ?

ಕಿರಿಯ: ಆದ್ರೆ ಪಂದ್ಯ ಮುಗಿದ ಮೇಲೆ ಮೆಕ್‌ವೇ ಏನಂದ್ರು? ಕೋಚಿಂಗ್‌ನಲ್ಲಿ ನಾನೇ ಸೋತೆ ಅಂದ್ರು. ಹುಡುಗನ ಮೇಲೆ ಹಾಕ್ಲಿಲ್ಲ. ಎರಡು ತಿಂಗಳ ಮುಂಚೆ ಶಿಕಾಗೊ ಬೇರ್ಸ್ ಇದೇ ಗಾಫ್‌ಗೆ ನಾಲ್ಕು ಇಂಟರ್‌ಸೆಪ್ಷನ್ ಕೊಡಿಸಿ 15-6ರಿಂದ ಗೆದ್ದಿದ್ರು. ಕಾಯಿಲೆ ಗೊತ್ತಿತ್ತು, ಔಷಧಿ ತರೋದು ಕೋಚ್ ಕೆಲಸ ಅಲ್ವಾ? ಮೆಕ್‌ವೇ ಕೊನೆಗೆ 2021ರಲ್ಲಿ ಗಾಫ್‌ನ ಡೆಟ್ರಾಯಿಟ್‌ಗೆ ಕಳಿಸಿ ಮ್ಯಾಥ್ಯೂ ಸ್ಟ್ಯಾಫರ್ಡ್‌ನ ತಂದ್ಕೊಂಡ್ರು. ಡೆಟ್ರಾಯಿಟ್‌ನಲ್ಲಿ ಗಟ್ಟಿ ಲೈನ್, ಅವನಿಗೆ ಒಗ್ಗೋ ಆಟ. 2024ರ ಜನವರಿಲಿ ಪ್ಲೇಆಫ್‌ನಲ್ಲಿ ಅದೇ ಮೆಕ್‌ವೇ ತಂಡನ 24-23ರಿಂದ ಸೋಲಿಸ್ದ.

ಹಿರಿಯರು: ಅಷ್ಟೊತ್ತಿಗೆ ಅವನಿಗೆ 29. ಲೈನ್ ಒಳ್ಳೇದಾಗಿತ್ತು ಅಂತೀಯ, ವಯಸ್ಸೂ ಆಗಿತ್ತಲ್ಲ?

ಕಿರಿಯ: ಎರಡನ್ನೂ ಬಿಡಿಸಿ ನೋಡೋದು ಕಷ್ಟ. ಅದನ್ನ ಒಪ್ಕೋತೀನಿ. ಆದ್ರೆ ಕಣ್ಣು, ಕಣ್ಣು ಅಂತೀರಲ್ಲ, ಮಹೋಮ್ಸ್‌ಗಿಂತ ಚೆನ್ನಾಗಿ ಓದೋರು ಯಾರಿದ್ರು? 2022ರ ಜನವರಿ 30ರಂದು ಕ್ಯಾನ್ಸಸ್ ಸಿಟಿ 21-3 ಮುಂದಿತ್ತು. ಎರಡನೇ ಅರ್ಧದಲ್ಲಿ ಸಿನ್ಸಿನಾಟಿಯ ಲೂ ಅನರೂಮೊ ಬ್ಲಿಟ್ಜ್ ಮಾಡ್ಲಿಲ್ಲ. ಉಲ್ಟಾ ಮಾಡಿದ್ರು. ಮೂರೇ ಜನರನ್ನ ನುಗ್ಗಿಸಿ ಎಂಟು ಜನರನ್ನ ಹಿಂದೆ ನಿಲ್ಸಿದ್ರು. ಮಹೋಮ್ಸ್‌ಗೆ ಸಮಯ ಬೇಕಾದಷ್ಟು ಇತ್ತು, ಎಸೆಯಕ್ಕೆ ಜಾಗ ಇರ್ಲಿಲ್ಲ. ಆ ಅರ್ಧದಲ್ಲಿ ಬಂದಿದ್ದು ಮೂರೇ ಅಂಕ. ಓವರ್‌ಟೈಮ್‌ನಲ್ಲಿ 27-24, ಸೋಲು.

ಹಿರಿಯರು: ಮರುವರ್ಷ ಅದೇ ಮಹೋಮ್ಸ್ ಅದೇ ಸಿನ್ಸಿನಾಟಿನ ಸೋಲಿಸಿ ಸೂಪರ್ ಬೌಲ್ ಗೆದ್ದ. ನಾನು ಹೇಳ್ತಿರೋದು ಇಷ್ಟೇ: ಗೊಂದಲ ಆಗೋದು ತಪ್ಪಲ್ಲ. ಗೊಂದಲ ಆದ ಮೇಲೆ ಏನು ಮಾಡ್ತಾನೆ ಅನ್ನೋದ್ರಲ್ಲಿ ಆಟಗಾರ ಗೊತ್ತಾಗ್ತಾನೆ.

ಕಿರಿಯ: ಆ ಮರುವರ್ಷ ಡಾರ್ನಾಲ್ಡ್‌ಗೆ ಜೆಟ್ಸ್ ಕೊಟ್ರಾ?

ಕೊಟ್ಟರು, ಒಂದೇ ಒಂದು. ಆ 2020ರ ಸೀಸನ್‌ನಲ್ಲಿ ಜೆಟ್ಸ್ ಗೆದ್ದದ್ದು ಎರಡು ಪಂದ್ಯ. ಮೂರು ವರ್ಷದಲ್ಲಿ ಇಬ್ಬರು ಮುಖ್ಯ ಕೋಚ್‌ಗಳನ್ನು ಕಂಡ ಡಾರ್ನಾಲ್ಡ್‌ರನ್ನು 2021ರ ಏಪ್ರಿಲ್‌ನಲ್ಲಿ ಕ್ಯಾರೊಲಿನಾ ಪ್ಯಾಂಥರ್ಸ್‌ಗೆ ದಾಟಿಸಲಾಯಿತು. ಅಲ್ಲೂ ನೆಲೆಯಾಗಲಿಲ್ಲ. 2023ರಲ್ಲಿ ಅವರು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಬ್ರಾಕ್ ಪರ್ಡಿ ಹಿಂದೆ ಬದಲಿ ಆಟಗಾರನಾಗಿ ಕೂತರು. ಆಟಕ್ಕಿಳಿಯುವ ಮೊದಲೇ ಬರಬೇಕಾಗಿದ್ದ ಕಾಯುವ ವರ್ಷ ಆರನೇ ಸೀಸನ್‌ನಲ್ಲಿ ಬಂತು. 2024ರಲ್ಲಿ ಮಿನೆಸೋಟ ವೈಕಿಂಗ್ಸ್‌ನ ರೂಕಿ ಜೆ.ಜೆ. ಮೆಕಾರ್ಥಿ ಮೊಣಕಾಲಿಗೆ ಪೆಟ್ಟು ಮಾಡಿಕೊಂಡಾಗ ಡಾರ್ನಾಲ್ಡ್‌ಗೆ ಜಾಗ ಸಿಕ್ಕಿತು: 35 ಟಚ್‌ಡೌನ್, 14 ಗೆಲುವು. ಪ್ಲೇಆಫ್‌ನ ಮೊದಲ ಪಂದ್ಯದಲ್ಲಿ ರ‍್ಯಾಮ್ಸ್ ಅವರನ್ನು ಒಂಬತ್ತು ಸಲ ಕೆಡವಿ 27-9ರಿಂದ ಮನೆಗೆ ಕಳಿಸಿದರು. ಹಳೆಯ ದೆವ್ವದ ಮಾತು ಮತ್ತೆ ಎಲ್ಲರ ಬಾಯಿಗೆ ಬಂತು. ಮಿನೆಸೋಟ ಕೈಬಿಟ್ಟಿತು, ಸಿಯಾಟಲ್ ಕರೆಯಿತು.

ಹಿರಿಯರು: ಈಗ ಕೇಳು. 2025ರ ನವೆಂಬರ್‌ನಲ್ಲಿ ಅದೇ ರ‍್ಯಾಮ್ಸ್ ಎದುರು ಮತ್ತೆ ನಾಲ್ಕು ಇಂಟರ್‌ಸೆಪ್ಷನ್. 21-19, ಸೋಲು. ಮುಗೀತು ಕತೆ ಅಂದ್ಕೊಂಡೆ ನಾನೂ. ಜನವರಿ 25ಕ್ಕೆ ಎನ್‌ಎಫ್‌ಸಿ ಫೈನಲ್‌ನಲ್ಲಿ ಅವರೇ ಎದುರಿಗೆ. 346 ಗಜ, ಮೂರು ಟಚ್‌ಡೌನ್, ಒಂದೂ ಇಂಟರ್‌ಸೆಪ್ಷನ್ ಇಲ್ಲ. 31-27, ಗೆಲುವು. ಎರಡು ತಿಂಗಳಲ್ಲಿ ಕೋಚ್ ಬದಲಾಗ್ಲಿಲ್ಲ, ಎದುರಾಳಿ ಬದಲಾಗ್ಲಿಲ್ಲ. ಇನ್ಯಾರು ಬದಲಾಗಿದ್ದು, ಹೇಳು?

ಈ ಪ್ರಶ್ನೆಗೆ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ.

ಕಿರಿಯ: ಅದು ಅವನದ್ದೇ. ಅದನ್ನ ಕಿತ್ಕೊಳ್ಳಲ್ಲ ನಾನು. ಆದ್ರೆ ಅವನ ಆಟ ನಡೆಸ್ತಿದ್ದ ಕ್ಲಿಂಟ್ ಕ್ಯೂಬಿಯಾಕ್ ಯಾರು ಗೊತ್ತಾ? 2023ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅವನ ಜೊತೆ ಇದ್ದ ಕೋಚು. ಅವನಿಗೆ ಏನು ಕಾಣತ್ತೆ, ಏನು ಕಾಣಲ್ಲ ಅಂತ ಗೊತ್ತಿದ್ದೋರು. ಇನ್ನು ಸೂಪರ್ ಬೌಲ್ ನೋಡಿ. ಜೇಸನ್ ಮೈಯರ್ಸ್ ಐದು ಫೀಲ್ಡ್ ಗೋಲ್ ಹೊಡೆದ. ಎಂವಿಪಿ ಆಗಿದ್ದು ಓಟಗಾರ ಕೆನೆತ್ ವಾಕರ್. ಡಾರ್ನಾಲ್ಡ್ ಎಸೆದಿದ್ದು ಒಂದು ಟಚ್‌ಡೌನ್. ನೀನೊಬ್ಬನೇ ಗೆಲ್ಸು ಅಂತ ಯಾರೂ ಅವನ ತಲೆ ಮೇಲೆ ಹೊರಿಸ್ಲಿಲ್ಲ. 2019ರಲ್ಲಿ ಜೆಟ್ಸ್ ಹೊರಿಸಿದ್ದು ಅದನ್ನೇ.

ಹಿರಿಯರು: ಹಾಗಂದ್ರೆ ಡ್ರೇಕ್ ಮೇ ಏನಾದ? ಪೇಟ್ರಿಯಟ್ಸ್ ಹುಡುಗ, ವಯಸ್ಸು 23, ಎರಡನೇ ಸೀಸನ್. ಮೊದಲ ವರ್ಷ ಐದು ಪಂದ್ಯ ಕಾಯಿಸಿ ಆಮೇಲೇ ಶುರುವಿನಿಂದ ಇಳಿಸಿದ್ರು, ನಿನ್ನ ಮಾತಿನಂಗೆ. ಪಕ್ಕದಲ್ಲಿ ಕೋಚ್ ಜಾಷ್ ಮೆಕ್‌ಡೇನಿಯಲ್ಸ್, ಸೂಪರ್ ಬೌಲ್‌ಗಳನ್ನ ಅರೆದು ಕುಡಿದೋರು. ಆದ್ರೂ ಅವತ್ತು ಆರು ಸ್ಯಾಕ್. ಕಾರ್ನರ್‌ನಲ್ಲಿ ಇರ್ಬೇಕಾದ ಸಿಯಾಟಲ್‌ನ ವಿದರ್‌ಸ್ಪೂನ್ ಪಕ್ಕದಿಂದ ನುಗ್ಗಿದ್ದು ಅವನಿಗೆ ಕಾಣ್ಲೇ ಇಲ್ಲ. ಕೈಗೆ ಪೆಟ್ಟು ಬಿತ್ತು, ಗಾಳಿಗೆ ಹಾರಿದ ಚೆಂಡನ್ನ ನ್ವೋಸು ಹಿಡ್ಕೊಂಡು ಓಡಿ ಟಚ್‌ಡೌನ್ ಮಾಡ್ದ. ಎಲ್ಲಾ ಅನುಕೂಲ ಇದ್ದೂ ಓದಕ್ಕೆ ಬರ್ಲಿಲ್ಲ ತಾನೇ?

ಕಿರಿಯ: ಆರು ಸ್ಯಾಕ್‌ನಲ್ಲಿ ಎಷ್ಟು ಅವನದ್ದು, ಎಷ್ಟು ಲೈನಿನದ್ದು? ಅವನ ಎಡಗಡೆ ಕಾಯ್ತಿದ್ದ ವಿಲ್ ಕ್ಯಾಂಬೆಲ್ ರೂಕಿ. ಅವನೂ ಹುಡುಗನೇ, ಅವನಿಗೂ ದೆವ್ವ ಕಾಣತ್ತೆ. ಅದನ್ನ ಮೈಕ್ ಹಾಕಿ ಕೇಳೋರಿಲ್ಲ, ಅಷ್ಟೇ.

ಹಿರಿಯರು: ಅವನಿಗೂ ಕಾಣತ್ತಾ! ಸರಿ ಹಾಗಾದ್ರೆ, ಮುಂದಿನ ವರ್ಷ ಮೇ ಏನ್ ಮಾಡ್ತಾನೆ ನೋಡೋಣ. ಸುಧಾರಿಸಿದ್ರೆ ಅವನು ಕಲಿತ ಅಂತೀನಿ.

ಕಿರಿಯ: ಲೈನ್ ಸುಧಾರಿಸ್ತು ಅಂತೀನಿ ನಾನು.

ಹಿರಿಯರು: ನೀನು ಹಾಗೇ ಅನ್ನೋನೇ.

ಇಬ್ಬರ ವಾದ ಅಲ್ಲಿಗೆ ನಿಂತಿತು, ತೀರಲಿಲ್ಲ. 2024ರಿಂದ ಅಮೆರಿಕದ ಕಾಲೇಜು ಫುಟ್‌ಬಾಲ್‌ನ ಮೇಲಿನ ದರ್ಜೆಯಲ್ಲೂ ಹೆಲ್ಮೆಟ್ಟಿಗೆ ರೇಡಿಯೊ ಬಂದಿದೆ. ಅಲ್ಲೂ ಅದು 15 ಸೆಕೆಂಡ್ ಉಳಿದಾಗ ನಿಲ್ಲುತ್ತದೆ. ಕೋಚ್ ಎಲ್ಲಿಯವರೆಗೆ ಜೊತೆಗಿರಬಹುದು, ಆಟಗಾರ ಎಲ್ಲಿಂದ ಒಬ್ಬಂಟಿ ಎಂಬುದಕ್ಕೆ ಕಾಲೇಜಿನವರೂ ಎನ್‌ಎಫ್‌ಎಲ್‌ನವರು ಎಳೆದ ಗೆರೆಯನ್ನೇ ಎಳೆದಿದ್ದಾರೆ. ಆ ಗೆರೆಯಾಚೆ ಏನಾಗುತ್ತದೆ ಎಂಬುದನ್ನು ಟಿವಿಯಲ್ಲಿ ಯಾರೂ ನೋಡಬಹುದು. ಸೆಪ್ಟೆಂಬರ್‌ನಲ್ಲಿ ಹೊಸ ಸೀಸನ್ ಶುರುವಾದಾಗ, ತೆರೆಯ ಮೂಲೆಯ ಗಡಿಯಾರ 15ಕ್ಕೆ ಇಳಿಯುತ್ತಿದ್ದಂತೆ ಚೆಂಡಿನ ಮೇಲಿನ ಕಣ್ಣು ತೆಗೆದು, ಹಿಂದೆ ನಿಂತ ಸೇಫ್ಟಿಗಳನ್ನು ನೋಡಿ. ಅವರು ಸರಿದಾಡಿದ್ದು ಕ್ವಾರ್ಟರ್‌ಬ್ಯಾಕ್‌ಗೆ ಕಂಡಿತೇ, ಕಂಡಮೇಲೆ ಎಸೆಯಲು ಅವನಿಗೆ ಜಾಗ ಇತ್ತೇ ಎಂದು ಗಮನಿಸಿ. ಆಮೇಲೆ ದೊಡ್ಡಪ್ಪನ ಕಡೆಯೋ ಹುಡುಗನ ಕಡೆಯೋ, ನೀವೇ ಹೇಳಿ.